ನದಿ ಇಳಿದಾಗ ಅರಳುವ ತೋಟ: ಗಡಿನಾಡಿನಿಂದ ನೋಡಿದ ದರಿಯಾ ದೌಲತ್ ಬಾಗ್

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಮನೆಗಳಿಗೆ ಹೋಗುವ ಸ್ಮರಣ ಸಂಚಿಕೆಯಲ್ಲಿ ಕಾವೇರಿ ದಂಡೆಯ ಒಂದು ತೋಟದರಮನೆಯ ಚರಿತ್ರೆ ಯಾಕೆ ಎಂದು ಕೇಳುವವರು ಇರುತ್ತಾರೆ. ಕೃಷ್ಣೆ, ದೂಧಗಂಗೆ, ವೇದಗಂಗೆಯ ನೀರು ಕುಡಿದವರಿಗೆ ಶ್ರೀರಂಗಪಟ್ಟಣ ಅಂದರೆ ಶಾಲೆಯ ಪ್ರವಾಸದಲ್ಲಿ ಒಮ್ಮೆ ಇಳಿದು, ಸಾಲಾಗಿ ನಿಂತು, ಬುತ್ತಿ ಬಿಚ್ಚಿ ಉಂಡು ಬಂದ ಊರು. ಆದರೆ ಆ ತೋಟದ ಹಣೆಬರಹದಲ್ಲಿ ನಮ್ಮ ಕಡೆಯ ಜನರ ಕೈಯೂ ಇದೆ. ಕಾಗವಾಡ, ಶೇಡಬಾಳದ ಪಟವರ್ಧನರ ಮನೆತನದ ಕುದುರೆಗಳು ಅದರ ಸಮೀಪದವರೆಗೆ ಹೋಗಿದ್ದವು. ಅದರಲ್ಲಿ ವಾಸವಿದ್ದ ಒಬ್ಬ ಸೇನಾಪತಿ ನಮ್ಮ ಹೊಲಗಳ ಬದುವಿನಲ್ಲೇ ಕೃಷ್ಣೆಗೆ ಬಂದ. ನಿಪ್ಪಾಣಿಯ ದೇಸಾಯಿ ಅವನ ಜೊತೆ ದಂಡೆತ್ತಿ ಹೋದ. ಆ ಲೆಕ್ಕವನ್ನು ಒಂದು ಕಡೆ ಬರೆದಿಡುವುದು ಈ ಬರಹದ ಉದ್ದೇಶ.

ಹೋಗುವುದಿದ್ದರೆ ಮಾಘ ಕಳೆದು ಫಾಲ್ಗುಣ ಕಾಲಿಡುವಾಗ ಹೋಗಬೇಕು. ನಮ್ಮಲ್ಲಿ ಚಿಂಚಲಿ ಮಾಯಕ್ಕನ ಜಾತ್ರೆಯ ಗಾಡಿಗಳು ಊರಿಗೆ ಮರಳಿರುತ್ತವೆ, ಕಬ್ಬಿನ ಕಾರ್ಖಾನೆಗಳು ಹಂಗಾಮಿನ ಕೊನೆಗೆ ಬಂದಿರುತ್ತವೆ, ತವಂದಿ ಘಾಟಿನ ಇಳಿಜಾರಿನಲ್ಲಿ ಮುತ್ತುಗ ಎಲೆ ಉದುರಿಸಿ ಕೆಂಪಾಗಿರುತ್ತದೆ. ಶೇಡಬಾಳ, ಉಗಾರ, ಕುಡಚಿ, ರಾಯಬಾಗ ಇವೆಲ್ಲ ಮಿರಜದಿಂದ ಬೆಂಗಳೂರಿಗೆ ಹೋಗುವ ರೈಲುಮಾರ್ಗದ ಮೇಲೇ ಇರುವ ಊರುಗಳು. ಬೆಂಗಳೂರಿನಿಂದ ಮೈಸೂರಿನ ಗಾಡಿ ಹತ್ತಿದರೆ ಮೈಸೂರು ಬರುವ ಸ್ವಲ್ಪ ಮೊದಲು ಶ್ರೀರಂಗಪಟ್ಟಣ. ಆ ಹೊತ್ತಿಗೆ ಅಲ್ಲಿ ಹೊಂಗೆ ಹೊಸ ಚಿಗುರು ತೊಟ್ಟಿರುತ್ತದೆ, ಮಾವಿನ ಹೂವಿನ ವಾಸನೆ ದ್ವೀಪದ ತೋಟಗಳಿಂದ ರಸ್ತೆಗೇ ಬರುತ್ತದೆ. ಕಾವೇರಿ ಬಂಡೆಗಳ ನಡುವೆ ತೆಳ್ಳಗಾಗಿ ಹರಿಯುತ್ತಿರುತ್ತದೆ.

ಈ ತೆಳ್ಳಗಿನ ನೀರನ್ನು ಮರೆಯಬಾರದು. ತೋಟದ ಇತಿಹಾಸವೆಲ್ಲ ಅದರಲ್ಲಿದೆ. ಶ್ರೀರಂಗಪಟ್ಟಣ ಕಾವೇರಿಯ ಎರಡು ಕವಲುಗಳ ನಡುವಿನ ದ್ವೀಪ. ಜೂನ್ ತಿಂಗಳಲ್ಲಿ ಕೊಡಗಿನ ಮಳೆಯಿಂದ ನದಿ ತುಂಬಿತೆಂದರೆ ಯಾವ ಸೈನ್ಯವೂ ಒಳಗೆ ಬರುವಂತಿರಲಿಲ್ಲ. ಬರುವುದಾದರೆ ಫೆಬ್ರವರಿಯಿಂದ ಮೇ ಒಳಗೆ ಬರಬೇಕು. ಹೂ ಬಿಡುವ ಕಾಲವೂ ಅದೇ. ಹೀಗಾಗಿ ಇಲ್ಲಿನ ತೋಟಗಳು ಅರಳಿದ ಋತುವಿನಲ್ಲೇ ವೈರಿಯ ಡೇರೆಗಳು ಎದುರು ದಂಡೆಯಲ್ಲಿ ಏಳುತ್ತಿದ್ದವು. 1791, 1792, 1799: ಮೂರು ಸಲವೂ ಕಾಲ ಇದೇ.

ದರಿಯಾ ದೌಲತ್ ಅರಮನೆ ಕೋಟೆಯ ಹೊರಗೆ, ಪೂರ್ವಕ್ಕೆ, ನದಿಯ ಉತ್ತರ ಕವಲಿನ ದಂಡೆಯಲ್ಲಿದೆ. ಟಿಪ್ಪು ಸುಲ್ತಾನ ಇದನ್ನು ಪೂರ್ಣಗೊಳಿಸಿದ್ದು 1784ರಲ್ಲಿ. ಅದೇ ವರ್ಷ ಮಾರ್ಚ್ 11ರಂದು ಮಂಗಳೂರಿನ ಒಪ್ಪಂದವಾಗಿ ಇಂಗ್ಲಿಷರೊಡನೆ ಎರಡನೆಯ ಯುದ್ಧ ಮುಗಿದಿತ್ತು. ತಂದೆ ಹೈದರಾಲಿ ತೀರಿ ಎರಡು ವರ್ಷವೂ ತುಂಬಿರಲಿಲ್ಲ. ಸಮಾಧಾನದ ಒಂದು ಗಳಿಗೆ ಸಿಕ್ಕಾಗ ಕಟ್ಟಿಸಿದ ಬೇಸಿಗೆಯ ಬಿಡಾರ ಇದು. ಹೆಬ್ಬಾಗಿಲು ದಾಟಿದರೆ ಉದ್ದಕ್ಕೆ ನೆಟ್ಟಗೆ ಹೋಗುವ ದಾರಿ, ಎರಡೂ ಬದಿಗೆ ತೋಟ, ಎದುರಿಗೆ ಎತ್ತರದ ಜಗಲಿಯ ಮೇಲೆ ಚೌಕಾಕಾರದ ಕಟ್ಟಡ. ಬಿಸಿಲು ಗೋಡೆಯ ಚಿತ್ರಗಳಿಗೆ ತಾಗದಿರಲೆಂದು ನಾಲ್ಕೂ ಕಡೆ ಹಸಿರು ಪರದೆ ಇಳಿಬಿಟ್ಟಿರುತ್ತಾರೆ. ಅದರಿಂದ ಮೊದಲ ನೋಟಕ್ಕೆ ಅರಮನೆ ಅನ್ನಿಸುವುದಿಲ್ಲ, ಯಾವುದೋ ಸರಕಾರಿ ಗೋದಾಮು ಅನ್ನಿಸುತ್ತದೆ. ಒಳಗೆ ಕಾಲಿಟ್ಟ ಮೇಲೆ ಸಾಗುವಾನಿ ಕಂಬಗಳ ಸಾಲು, ಬಣ್ಣ, ಕಮಾನು, ಮೇಲಂತಸ್ತಿನ ಝರೋಖಾಗಳು ಕಾಣುತ್ತವೆ. ಬೆರಳಗಲದ ಜಾಗವನ್ನೂ ಖಾಲಿ ಬಿಡದೆ ಬಳ್ಳಿ, ಎಲೆ, ಹೂ ಬರೆದಿದ್ದಾರೆ. ಹೊರಗಿನ ತೋಟ ಬಾಡಿದ ದಿನವೂ ಒಳಗೊಂದು ತೋಟ ಇರಲಿ ಎಂದು ಕಟ್ಟಿಸಿದವನು ಬಯಸಿರಬೇಕು.

ಟಿಪ್ಪುವಿನ ತೋಟದ ಹುಚ್ಚು ದೊಡ್ಡದು. 1760ರಲ್ಲಿ ಹೈದರಾಲಿ ಬೆಂಗಳೂರಿನಲ್ಲಿ ಶುರು ಮಾಡಿದ ಲಾಲ್‌ಬಾಗನ್ನು ಬೆಳೆಸಿದವನು ಅವನೇ. ಹೊರನಾಡುಗಳಿಗೆ ಹೋದ ರಾಯಭಾರಿಗಳಿಗೆ ಬೀಜ, ಸಸಿ ತರಲು ಹೇಳುತ್ತಿದ್ದ. 1788ರಲ್ಲಿ ಫ್ರಾನ್ಸಿನ ಹದಿನಾರನೆಯ ಲೂಯಿ ದೊರೆಯ ಬಳಿಗೆ ಹೋದ ರಾಯಭಾರಿಗಳು ಸೈನ್ಯದ ನೆರವನ್ನಲ್ಲದೆ ಕಸುಬುದಾರರನ್ನೂ ಗಿಡಗಳನ್ನೂ ಕೇಳಿದ್ದರು. ಸೈನ್ಯ ಸಿಗಲಿಲ್ಲ. ಶ್ರೀರಂಗಪಟ್ಟಣದ ದ್ವೀಪದ ಪೂರ್ವದ ತುದಿಯಲ್ಲಿ, ಗಂಜಾಂನ ಆಚೆ, ಇನ್ನೊಂದು ಲಾಲ್‌ಬಾಗ್ ಇತ್ತು. ಅದೂ ಅರಮನೆ ಇದ್ದ ತೋಟ. ಹೈದರಾಲಿಯ ಸಮಾಧಿಯಾದ ಗುಂಬಜ್ ಅದರ ನಡುವೆ ಎದ್ದಿತು. ಹೀಗೆ ದ್ವೀಪದ ಉತ್ತರ ದಂಡೆಗೆ ದೌಲತ್ ಬಾಗ್, ಪೂರ್ವದ ತುದಿಗೆ ಲಾಲ್‌ಬಾಗ್, ಪಶ್ಚಿಮಕ್ಕೆ ಕೋಟೆ.

ಈಗ ನಮ್ಮ ಕಡೆಯವರ ವಿಷಯ. 1790ರಲ್ಲಿ ಇಂಗ್ಲಿಷರು, ನಿಜಾಮ ಮತ್ತು ಮರಾಠರು ಸೇರಿ ಟಿಪ್ಪುವಿನ ಮೇಲೆ ಹೊರಟಾಗ ಪೇಶ್ವೆಯ ಒಂದು ಸೈನ್ಯದ ಮುಂದಾಳು ಪರಶುರಾಮ ಭಾವೂ ಪಟವರ್ಧನ. ಸಾಂಗಲಿ, ಮಿರಜ, ಜಮಖಂಡಿ, ಕುರುಂದವಾಡ, ಕಾಗವಾಡ, ಶೇಡಬಾಳ ಎಂದು ಆಮೇಲೆ ಹಲವು ಟಿಸಿಲೊಡೆದ ಮನೆತನದವನು. ಮೊದಲು ಧಾರವಾಡದ ಕೋಟೆಯ ಮುಂದೆ ಕೂತ. ಟಿಪ್ಪುವಿನ ಕಿಲ್ಲೆದಾರ ಬದ್ರುಜ್ಜಮಾನ್ ಖಾನ್ ಕೋಟೆ ಬಿಟ್ಟುಕೊಡಲು ಆರು ತಿಂಗಳಿಗೂ ಮಿಕ್ಕಿ ಹಿಡಿಯಿತು. 1791ರ ಏಪ್ರಿಲ್ ಬಂತು. ಅಲ್ಲಿಂದ ದಕ್ಷಿಣಕ್ಕೆ ಧಾವಿಸಿ ಶ್ರೀರಂಗಪಟ್ಟಣದ ಹತ್ತಿರ ತಲುಪುವಷ್ಟರಲ್ಲಿ ಮೇ ತಿಂಗಳ ಕೊನೆ. ಇಂಗ್ಲಿಷರ ಸೇನಾಪತಿ ಲಾರ್ಡ್ ಕಾರ್ನ್‌ವಾಲಿಸ್ ಆಗಲೇ ಮಳೆಗೆ, ಹಸಿವಿಗೆ, ದನಗಳ ಸಾವಿಗೆ ಸೋತು, ಭಾರದ ತೋಪುಗಳನ್ನು ತಾನೇ ಹಾಳುಮಾಡಿ ಹಿಂತಿರುಗುತ್ತಿದ್ದ. ಎದುರಿಗೆ ಬಂದ ಕುದುರೆಗಳನ್ನು ಕಂಡು ವೈರಿಗಳೆಂದು ಇಂಗ್ಲಿಷರು ಮೊದಲು ಗಾಬರಿಯಾದರು. ಬಂದವರು ಪೇಶ್ವೆಯ ಇನ್ನೊಬ್ಬ ಸೇನಾನಿ ಹರಿಪಂತ ಫಡಕೆ ಮತ್ತು ಭಾವೂ. ಅವರ ಬೆನ್ನಿಗೆ ತುಂಬಿದ ಬಜಾರು. ಇಂಗ್ಲಿಷ್ ಬರಹಗಾರರು ಆ ಮರಾಠಾ ಬಜಾರನ್ನು ಬಾಯಿ ತುಂಬ ವರ್ಣಿಸಿದ್ದಾರೆ, ಅದರ ದರಗಳನ್ನು ಅಷ್ಟೇ ಹೊಟ್ಟೆಯುರಿಯಿಂದ ಬೈದಿದ್ದಾರೆ. ನಮ್ಮ ಕಡೆಯ ವ್ಯಾಪಾರಿಗೆ ದಂಡೆಂದರೂ ಸಂತೆಯೇ.

ಮುಂದಿನ ವಸಂತಕ್ಕೆ ಕಾರ್ನ್‌ವಾಲಿಸ್ ಮತ್ತೆ ಬಂದ. 1792ರ ಫೆಬ್ರವರಿ 6ರ ರಾತ್ರಿ ನದಿ ದಾಟಿ ದ್ವೀಪಕ್ಕೆ ನುಗ್ಗಿದರು. ಕೋಟೆ ಟಿಪ್ಪುವಿನ ಕೈಯಲ್ಲೇ ಉಳಿಯಿತು. ಪೂರ್ವದ ಭಾಗ ಮತ್ತು ಅದರೊಂದಿಗೆ ಲಾಲ್‌ಬಾಗ್ ಇಂಗ್ಲಿಷರ ಪಾಲಾಯಿತು. ಆಮೇಲೆ ಆದದ್ದನ್ನು ಆ ದಂಡಿನಲ್ಲೇ ಇದ್ದ ಮೇಜರ್ ಡೈರಮ್ ಬರೆದಿಟ್ಟಿದ್ದಾನೆ. ಕೋಟೆಗೆ ಮುತ್ತಿಗೆ ಹಾಕಲು ಕಂದಕದಲ್ಲಿ ತುಂಬುವ ಕಟ್ಟಿಗೆಯ ಹೊರೆ, ಮಣ್ಣು ತುಂಬುವ ಬುಟ್ಟಿ, ಗೂಟ ಬೇಕಾಗುತ್ತವೆ. ಸುತ್ತಲಿನ ಬಯಲಿನಲ್ಲಿ ಮರವಿಲ್ಲ. ತೋಟದಲ್ಲಿ ಸಾಲುಸಾಲು ಸೈಪ್ರೆಸ್ ಮರಗಳ ನೆರಳಿನ ದಾರಿಗಳಿದ್ದವು. ಅವಕ್ಕೇ ಕೊಡಲಿ ಬಿತ್ತು. ಅರಮನೆ ಗಾಯಾಳುಗಳ ಆಸ್ಪತ್ರೆಯಾಯಿತು. ಟಿಪ್ಪು ಕೋಟೆಯ ಗೋಡೆಯ ಮೇಲೆ ನಿಂತರೆ ತಂದೆಯ ಸಮಾಧಿಯ ಸುತ್ತಿನ ಮರಗಳು ಉರುಳುವುದು ಕಾಣುವಷ್ಟು ದೂರ. ಆ ತಿಂಗಳ 26ರಂದು ಸಂಧಿಯ ಷರತ್ತಿನಂತೆ ಅವನ ಇಬ್ಬರು ಎಳೆಯ ಗಂಡುಮಕ್ಕಳು ಒತ್ತೆಯಾಗಿ ಕಾರ್ನ್‌ವಾಲಿಸನ ಡೇರೆಗೆ ಆನೆಯ ಮೇಲೆ ಬಂದರು. ಆ ದೃಶ್ಯವನ್ನು ಇಂಗ್ಲೆಂಡಿನ ಚಿತ್ರಕಾರರು ಹತ್ತಾರು ಬಗೆಯಲ್ಲಿ ಬರೆದು ಮಾರಿದರು. ಕಡಿದ ಮರಗಳ ಚಿತ್ರ ಬರೆಯಲು ಯಾರಿಗೂ ಮನಸ್ಸಾಗಲಿಲ್ಲ.

ಭಾವೂನ ದಂಡು ಈ ಸಲ ಶಿವಮೊಗ್ಗದ ಕಡೆ ಸುತ್ತಿಕೊಂಡು ತಡವಾಗಿ ಬಂತು. ಹಿಂದಿನ ವರ್ಷ ಅದರೊಡನಿದ್ದ ಪಿಂಡಾರಿಗಳು ಶೃಂಗೇರಿಯ ಮಠವನ್ನು ಸುಲಿದಿದ್ದರು. ಅಲ್ಲಿನ ವಿಗ್ರಹವನ್ನು ಮತ್ತೆ ಪ್ರತಿಷ್ಠೆ ಮಾಡಿಸಲು ಹಣ ಕಳಿಸಿ ಮಠಕ್ಕೆ ಪತ್ರ ಬರೆದವನು ಟಿಪ್ಪು. ನಮ್ಮ ಭಾಗದ ಮನೆತನವೊಂದರ ಚರಿತ್ರೆ ಬರೆಯುವಾಗ ಈ ಪುಟವನ್ನು ಹಾರಿಸುವುದು ಸರಿಯಲ್ಲ ಎಂದು ನನ್ನ ಅಭಿಪ್ರಾಯ. 1799ರ ಮೇ 4ರಂದು, ಇಂಗ್ಲಿಷರ ಕೊನೆಯ ಮುತ್ತಿಗೆಯಲ್ಲಿ, ಟಿಪ್ಪು ಕೋಟೆಯ ಬಾಗಿಲಲ್ಲಿ ಬಿದ್ದ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಭಾವೂ ಕೊಲ್ಹಾಪುರದವರ ಜೊತೆಗಿನ ಕಾಳಗದಲ್ಲಿ ಪಟ್ಟಣಕುಡಿಯ ಬಳಿ ಸತ್ತ.

ಟಿಪ್ಪುವಿನ ನಂತರ ದೌಲತ್ ಬಾಗಿನಲ್ಲಿ ಬಿಡಾರ ಹೂಡಿದವನು ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಮುಂದೆ ವೆಲ್ಲಿಂಗ್ಟನ್ ಡ್ಯೂಕ್ ಆಗಿ, ವಾಟರ್ಲೂದಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು. ಆಗ ಅವನಿಗೆ ಮೂವತ್ತು. ಊರಿನ ಆಡಳಿತ ಅವನ ಕೈಯಲ್ಲಿ. ಕೋಟೆಯೊಳಗಿನ ಅರಮನೆ ಬಿಟ್ಟು ನದಿಯ ಗಾಳಿ ಬರುವ ಈ ತೋಟದ ಮನೆಯನ್ನು ಆರಿಸಿಕೊಂಡ. 1800ರ ಮೇ ತಿಂಗಳಲ್ಲಿ ಡಾಕ್ಟರ್ ಫ್ರಾನ್ಸಿಸ್ ಬುಕಾನನ್ ಬಂದು ಎರಡೂ ತೋಟದರಮನೆಗಳನ್ನು ನೋಡಿದ. ಬೆಳೆ, ಗೊಬ್ಬರ, ಮಗ್ಗ, ಕುಲುಮೆ ಎಲ್ಲವನ್ನೂ ಕೆದಕಿ ಬರೆಯುವ ಮನುಷ್ಯ. ಗೋಡೆಯ ಮೇಲಿನ ಚಿನ್ನದ ಹೊಳಪು ಚಿನ್ನದ್ದಲ್ಲ ಎಂಬ ಗುಟ್ಟನ್ನು ಬಯಲು ಮಾಡಿದವನು ಅವನೇ. ಸೀಸವನ್ನು ತೆಳ್ಳಗೆ ಬಡಿದು, ಕಾಗದಕ್ಕೆ ಹಚ್ಚಿ, ಉಜ್ಜಿ, ಮೇಲೆ ಹಳದಿ ಬಣ್ಣದ ವಾರ್ನಿಶು ಬಳಿದರೆ ಚಿನ್ನ! ಖಜಾನೆಯಲ್ಲಿ ನಿಜವಾದ ಬಂಗಾರ ತುಂಬಿದ್ದ ದೊರೆ ಗೋಡೆಗೆ ಸೀಸ ಬಳಿಸಿದ. ಕಸುಬುದಾರನ ಜಾಣತನಕ್ಕೆ ಮೆಚ್ಚಬೇಕು.

ಆ ವರ್ಷವೇ ವೆಲ್ಲೆಸ್ಲಿ ದಂಗೆಕೋರ ಧೋಂಡಿಯಾ ವಾಘನನ್ನು ಬೆನ್ನಟ್ಟಿ ಮಲಪ್ರಭೆಯ ಕಡೆ ಬಂದ. ಸೆಪ್ಟೆಂಬರ್ 10ರಂದು ಧೋಂಡಿಯಾ ಕೊನೆಯಾದ. ಅವನ ಸಾಮಾನುಗಳ ನಡುವೆ ಸಲಾಬತ್ ಖಾನ್ ಎಂಬ ಎಳೆಯ ಹುಡುಗ ಸಿಕ್ಕ. ವೆಲ್ಲೆಸ್ಲಿ ಅವನನ್ನು ತನ್ನ ಡೇರೆಗೆ ಕರೆಸಿಕೊಂಡು ಸಾಕಿದ, ಭಾರತ ಬಿಡುವಾಗ ಅವನ ಪಾಲನೆಗೆಂದು ಹಣ ಇಟ್ಟು ಹೋದ. ತೋಟದರಮನೆಯ ದಾಖಲೆಯಲ್ಲಿ ಇಂಥ ಸಣ್ಣ ಮಾತು ಸೇರಿದರೆ ತಪ್ಪಿಲ್ಲ.

1803ರ ಮಾರ್ಚ್ 9ರಂದು ವೆಲ್ಲೆಸ್ಲಿ ಹರಿಹರದಿಂದ ಹೊರಟ. ಮರಾಠಾ ಸರದಾರ ಹೋಳ್ಕರನಿಗೆ ಹೆದರಿ ಓಡಿದ್ದ ಪೇಶ್ವೆ ಎರಡನೆಯ ಬಾಜೀರಾಯನನ್ನು ಪುಣೆಯ ಗಾದಿಯ ಮೇಲೆ ಕೂಡಿಸುವುದು ಕೆಲಸ. ತುಂಗಭದ್ರೆಯಿಂದ ಕೃಷ್ಣೆಯವರೆಗೆ ದಾರಿಯೆಲ್ಲ ಪಟವರ್ಧನರ, ದೇಸಾಯಿಗಳ ಸೀಮೆ. ಬೆಳೆ ಮುಟ್ಟಕೂಡದು, ಕೊಂಡದ್ದಕ್ಕೆ ರೊಕ್ಕ ಕೊಡಬೇಕು ಎಂದು ಸೈನಿಕರಿಗೆ ಕಟ್ಟಪ್ಪಣೆ. ಹಿಂದಿನ ದಂಡುಗಳ ಸುಲಿಗೆ ಕಂಡಿದ್ದ ಊರುಗಳೂ ಈ ಸಲ ಬಾಗಿಲು ಹಾಕಿಕೊಳ್ಳಲಿಲ್ಲ. ಏಪ್ರಿಲ್ ಹೊತ್ತಿಗೆ ಕೃಷ್ಣೆಯ ದಡ ಸೇರಿದ. ಅವನ ಪತ್ರಗಳ ತಲೆಯಲ್ಲಿ ಆ ಬಿಡಾರದ ಹೆಸರು ‘ಎರೂರ್’ ಎಂದಿದೆ. ನಾನು ಅದನ್ನು ವೀರಭದ್ರನ ಯಡೂರು ಎಂದೇ ಓದುತ್ತೇನೆ. ಏಪ್ರಿಲ್ 20ಕ್ಕೆ ಪುಣೆ. ದಾರಿಯಲ್ಲಿ ಜೊತೆಗೂಡಿದ ಸರದಾರರಲ್ಲಿ ಪಟವರ್ಧನರಿದ್ದರು, ಬಾಪು ಗೋಖಲೆಯಿದ್ದ, ನಿಪ್ಪಾಣಿಯ ಸಿದ್ಧೋಜಿರಾವ್ ನಿಂಬಾಳಕರನಿದ್ದ. ವೆಲ್ಲೆಸ್ಲಿಯ ಪತ್ರಗಳಲ್ಲಿ ಈತ ‘ಅಪ್ಪಾ ದೇಸಾಯಿ’. ಚಿಕ್ಕೋಡಿ, ಮನೋಳಿಗಳಿಗಾಗಿ ಕೊಲ್ಹಾಪುರದೊಡನೆ ವರ್ಷಗಟ್ಟಲೆ ಕಾದಾಡಿದವನು, ಪೇಶ್ವೆಯಿಂದ ಸರಲಷ್ಕರ ಎಂಬ ಬಿರುದು ಪಡೆದವನು. ಕೃಷ್ಣೆಯ ದಡದ ಬಿಸಿಲಲ್ಲಿ ಡೇರೆ ಹೊಡೆದ ಆ ಇಂಗ್ಲಿಷಿನವನಿಗೆ ದೌಲತ್ ಬಾಗಿನ ಜಗಲಿ ನೆನಪಾಗದೆ ಇರಲಾರದು. 1804ರ ಕೊನೆಗೆ ಮತ್ತೆ ಶ್ರೀರಂಗಪಟ್ಟಣಕ್ಕೆ ಬಂದು, 1805ರಲ್ಲಿ ದೇಶವನ್ನೇ ಬಿಟ್ಟ.

ಇನ್ನು ಗೋಡೆಯ ಚಿತ್ರಗಳು. ಪಶ್ಚಿಮದ ಗೋಡೆಯ ಮೇಲೆ ಇಂಗ್ಲಿಷರು ಸೋತ 1780ರ ಸೆಪ್ಟೆಂಬರ್ 10ರ ಪೊಳ್ಳಿಲೂರು ಕಾಳಗ: ಪಲ್ಲಕ್ಕಿಯಲ್ಲಿ ಕೂತು ಕಂಗಾಲಾದ ಕರ್ನಲ್ ಬೈಲಿ, ಸುತ್ತ ಚೌಕ ಕಟ್ಟಿ ನಿಂತ ಕೆಂಪಂಗಿಗಳು, ನಡುವೆ ಸಿಡಿಯುತ್ತಿರುವ ಮದ್ದಿನ ಬಂಡಿ, ಗುಲಾಬಿ ಹೂ ಮೂಸುತ್ತ ಕುದುರೆಯ ಮೇಲೆ ಬರುವ ಸುಲ್ತಾನ. ತಡವಾಗಿ ಬಂದ ನಿಜಾಮನಿಗೂ ಒಂದು ಜಾಗ ಕೊಟ್ಟು, ಹತ್ತಿರ ಹಂದಿ, ಹಸುಗಳನ್ನು ಬರೆದು ಗೇಲಿ ಮಾಡಿದ್ದಾರೆ. ಪೂರ್ವದ ಗೋಡೆಯ ಮೇಲೆ ದರಬಾರುಗಳ ಸಾಲು. ಪೇಶ್ವೆ, ಚಿತ್ರದುರ್ಗದ ಮದಕರಿನಾಯಕ, ಮಾಗಡಿಯ ಕೆಂಪೇಗೌಡರನ್ನು ಅಲ್ಲಿ ಗುರುತಿಸುತ್ತಾರೆ. ಇಡೀ ಭಾರತದ ಯುದ್ಧಚಿತ್ರಗಳಲ್ಲಿ ಇದಕ್ಕೆ ಸಮನಾದದ್ದು ಕಡಿಮೆ. ಒಳಗೆ ಫೋಟೋ ತೆಗೆಯಲು ಬಿಡುವುದಿಲ್ಲ. ಒಳ್ಳೆಯದೇ, ಕಣ್ಣಿಗೆ ಕೆಲಸ ಸಿಗುತ್ತದೆ.

ನೋಡುವವರು ತಿಳಿದಿರಬೇಕಾದ ಸಂಗತಿ ಬೇರೆ ಇದೆ. ಈಗ ಕಾಣುವುದು 1784ರ ಕೈಬರಹವಲ್ಲ. ಮುತ್ತಿಗೆಗೆ ಮೊದಲು ಟಿಪ್ಪುವೇ ಚಿತ್ರಗಳನ್ನು ಅಳಿಸಿದ್ದನೆಂದು ಹೇಳುತ್ತಾರೆ. ಇಲ್ಲಿ ವಾಸಕ್ಕೆ ಬಂದ ವೆಲ್ಲೆಸ್ಲಿ, ತನ್ನ ಜನರೇ ಸೋತ ಕಾಳಗವೆಂದು ಗೊತ್ತಿದ್ದೂ, ಮತ್ತೆ ಬರೆಸಿದ. ಆಮೇಲೆ ಯಾರೋ ಸುಣ್ಣ ಬಳಿದರು. 1855ರ ಸುಮಾರಿಗೆ ಗವರ್ನರ್ ಜನರಲ್ ಡಾಲ್‌ಹೌಸಿ ಮೈಸೂರಿನ ಪ್ರವಾಸದಲ್ಲಿ ಇದನ್ನು ಕಂಡು ಮೂರನೆಯ ಸಲ ಬರೆಯಲು ಆಜ್ಞೆ ಮಾಡಿದ. ಮೊದಲಿನ ಚಿತ್ರಗಳನ್ನು ಕಣ್ಣಾರೆ ಕಂಡು ನೆನಪಿಟ್ಟಿದ್ದ ಈ ನೆಲದ ಒಬ್ಬ ಚಿತ್ರಕಾರ ಆಗ ಇನ್ನೂ ಬದುಕಿದ್ದ. ಸಂಸ್ಥಾನಗಳನ್ನು ನುಂಗಿದ ಡಾಲ್‌ಹೌಸಿಯಿಂದ ನಮ್ಮ ಕಡೆಯ ಮನೆತನಗಳಿಗೆ ಒಳ್ಳೆಯದಾಗಲಿಲ್ಲ, ಆದರೆ ಈ ಒಂದು ಆಜ್ಞೆಗೆ ಅವನಿಗೆ ಋಣಿಯಾಗಿರಬೇಕು. ಆ ಚಿತ್ರಕಾರನ ಹೆಸರನ್ನು ಗೋಡೆಯ ಮೇಲೆ ಬರೆದಿಲ್ಲ.

ಈಗ ಇದು ಕೇಂದ್ರ ಸರಕಾರದ ರಕ್ಷಿತ ಸ್ಮಾರಕ. 1959ರಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಅರಮನೆಯೊಳಗೆ ವಸ್ತುಸಂಗ್ರಹಾಲಯ ತೆರೆಯಿತು. ಟಿಪ್ಪುವಿನ ಮಕ್ಕಳನ್ನೂ ಆ ಕಾಲದ ಗಣ್ಯರನ್ನೂ ಚಿತ್ರಕಾರ ಥಾಮಸ್ ಹಿಕ್ಕಿ ಸೀಸಕಡ್ಡಿಯಲ್ಲಿ ಬರೆದ ರೇಖಾಚಿತ್ರಗಳು, ನಾಣ್ಯ, ಪದಕ, ಹಳೆಯ ಅಚ್ಚಿನ ಚಿತ್ರಗಳು ಅಲ್ಲಿವೆ. ಇಲಾಖೆಗೆ ತೋಟಗಾರಿಕೆಯದ್ದೇ ಒಂದು ಶಾಖೆ ಉಂಟು. ಹುಲ್ಲು ಕತ್ತರಿಸುವುದರಿಂದ ಹಿಡಿದು ಸಸಿ ನೆಡುವವರೆಗೆ ಅವರದೇ ಹೊಣೆ. ಮಾರ್ಚಿನ ಬೆಳಗಿನಲ್ಲಿ ಹೋದರೆ ಬೋಗನ್‌ವಿಲ್ಲಾದ ಬಣ್ಣ, ಪಾತಿಯ ಹೂಗಳು, ನೀರು ಕುಡಿದ ಹುಲ್ಲಿನ ಹಾಸು ಕಣ್ಣಿಗೆ ತಂಪು.

ತಂಪೇನೋ ನಿಜ. ಆದರೆ ಟಿಪ್ಪು ಎದ್ದು ಬಂದರೆ ಈ ತೋಟದ ಗುರುತು ಹಿಡಿಯಲಾರ. ಬೋಗನ್‌ವಿಲ್ಲಾ ದಕ್ಷಿಣ ಅಮೆರಿಕದ ಬಳ್ಳಿ, ನಮ್ಮ ದೇಶಕ್ಕೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಅಗಲವಾದ ಹುಲ್ಲಿನ ಹಾಸು ಇಂಗ್ಲಿಷರ ಬಂಗಲೆಯ ಚಟ. ಹೈದರ್, ಟಿಪ್ಪುಗಳ ತೋಟ ಹೇಗಿತ್ತೆಂದು ಬುಕಾನನ್ ಬೆಂಗಳೂರಿನಲ್ಲಿ ನೋಡಿ ಬರೆದಿದ್ದಾನೆ: ಚೌಕ ಚೌಕದ ಪಾತಿಗಳು, ನಡುವೆ ನಡೆಯುವ ದಾರಿ, ಅಂಚಿಗೆ ಸೈಪ್ರೆಸ್, ಒಂದು ಚೌಕಕ್ಕೆ ಒಂದೇ ಜಾತಿಯ ಗಿಡ, ಗುಲಾಬಿಗೊಂದು, ದಾಳಿಂಬೆಗೊಂದು. ಅದು ಹಣ್ಣು ಕೊಡುವ, ನೀರು ಅಳೆದು ಕೊಡುವ ರೈತನ ಲೆಕ್ಕದ ತೋಟ. ನಮ್ಮ ಕಡೆಯ ಹಳೆಯ ತೋಟಗಾರನಿಗೆ ಅದು ಒಂದೇ ನೋಟಕ್ಕೆ ಅರ್ಥವಾಗುತ್ತಿತ್ತು. ಕಟ್ಟಡವನ್ನು ಇಷ್ಟು ಚೆನ್ನಾಗಿ ಕಾಪಾಡಿದ ಇಲಾಖೆ ಒಂದು ಮೂಲೆಯಲ್ಲಾದರೂ ನಾಲ್ಕು ಚೌಕ ತೆಗೆದು ಆ ಹಳೆಯ ಕ್ರಮದಲ್ಲಿ ದಾಳಿಂಬೆ, ಗುಲಾಬಿ ಬೆಳೆಸಿ ತೋರಿಸಿದರೆ, ಶಾಲೆಯ ಮಕ್ಕಳಿಗೆ ಫಲಕಕ್ಕಿಂತ ಹೆಚ್ಚು ತಿಳಿಯುತ್ತದೆ.

ಗಂಜಾಂನ ಲಾಲ್‌ಬಾಗ್ ಅರಮನೆ ಉಳಿಯಲಿಲ್ಲ. ಗುಂಬಜ್ ಮಾತ್ರ ಇದೆ, ಸುತ್ತ ಮತ್ತೆ ಮರಗಳಿವೆ. ದೌಲತ್ ಬಾಗ್ ಉಳಿಯಿತು. ಎರಡಕ್ಕೂ ಒಬ್ಬನೇ ಒಡೆಯ, ಒಂದೇ ನದಿ, ಒಂದೇ ಯುದ್ಧ. ದೌಲತ್ ಬಾಗಿನಲ್ಲಿ ಒಬ್ಬರಾದ ಮೇಲೊಬ್ಬರು ವಾಸಕ್ಕೆ ಬಂದರು, ಅದರ ಖರ್ಚನ್ನು ಒಂದಲ್ಲ ಒಂದು ಸರಕಾರ ಹೊತ್ತಿತು. ಅಷ್ಟೇ ವ್ಯತ್ಯಾಸ.

ನಿಪ್ಪಾಣಿಗೆ ಆ ಭಾಗ್ಯ ಬರಲಿಲ್ಲ. ಸಿದ್ಧೋಜಿರಾವ್ 1839ರಲ್ಲಿ ತೀರಿದ ಮೇಲೆ ಸಂಸ್ಥಾನ ಇಂಗ್ಲಿಷರ ವಶವಾಯಿತು. 1841ರಲ್ಲಿ ಕೋಟೆಯಲ್ಲಿ ದಂಗೆ ಎದ್ದಿತು, ಬೆಳಗಾವಿಯಿಂದ ದಂಡು ಬಂದು ಅಡಗಿಸಿತು, ಆಮೇಲೆ ಕೋಟೆಯನ್ನು ಕೆಡವಿದರು. ಕಾಗವಾಡ, ಶೇಡಬಾಳದ ಪಟವರ್ಧನ ಶಾಖೆಗಳು ವಾರಸುದಾರರಿಲ್ಲವೆಂದು ಕಂಪನಿಗೆ ಸೇರಿದವು. ರಾಯಬಾಗ ಕೊಲ್ಹಾಪುರದ ಮಹಾಲಾಗಿ 1949ರವರೆಗೂ ಬೇರೆಯೇ ದಫ್ತರದಲ್ಲಿ ಇತ್ತು. ಹೀಗೆ ನಮ್ಮ ಐದು ತಾಲ್ಲೂಕುಗಳ ವಾಡೆಗಳ ಕಾಗದಪತ್ರ ಸಾಂಗಲಿ, ಕೊಲ್ಹಾಪುರ, ಪುಣೆ, ಮುಂಬಯಿಗಳಲ್ಲಿ ಮೋಡಿ ಲಿಪಿಯಲ್ಲಿ ಹಂಚಿಹೋಗಿದೆ. ವಾಡೆಗಳ ಹಿತ್ತಲು, ಬಾವಿ, ಹೂದೋಟಗಳ ನೆನಪು ಊರಿನ ಹಿರಿಯರ ಬಾಯಲ್ಲಿ ಮಾತ್ರ ಇದೆ. ವೆಲ್ಲೆಸ್ಲಿಯ ಬಿಡಾರದ ತೋಟದ ಬಗ್ಗೆ ಇಷ್ಟು ಬರೆಯಲು ಸಾಧ್ಯವಾದದ್ದು ಬಂದುಹೋದವರೆಲ್ಲ ಬರೆದಿಟ್ಟದ್ದರಿಂದ.

ಆದ್ದರಿಂದ ಓದುಗರಲ್ಲಿ ಒಂದು ಬೇಡಿಕೆ. ನಿಮ್ಮ ಊರಿನಲ್ಲಿ ವಾಡೆ, ಗಢಿ, ಮಠದ ತೋಟ ಏನಿದ್ದರೂ ಅದರ ಬಾವಿ ಎಲ್ಲಿತ್ತು, ನೀರು ಯಾವ ಕಾಲುವೆಯಲ್ಲಿ ಹೋಗುತ್ತಿತ್ತು, ಯಾವ ಗಿಡಗಳಿದ್ದವು, ಯಾವ ಮನೆತನ ಅದರ ಮಾಳಿಕಿ ಮಾಡುತ್ತಿತ್ತು ಎಂಬುದನ್ನು ತಿಳಿದ ಹಿರಿಯರಿಂದ ಕೇಳಿ ಈ ವರ್ಷವೇ ಬರೆದಿಡಿ. ಮೋಡಿಯ ಕಾಗದ ಮನೆಯಲ್ಲಿದ್ದರೆ ರದ್ದಿಗೆ ಹಾಕಬೇಡಿ. ಮುಂದಿನ ಸಂಚಿಕೆಗೆ ಅವನ್ನು ಕಳಿಸಿಕೊಡಿ.